ಎಲೆ ಅಡಿಕೆ ಇಟ್ಟು ಕರೆದ ಬ್ಲಾಗು

ಬಹಳ ದಿನ ಹೋಗದೆ ಇದ್ದ ನೆಂಟರ ಮನೆಗೆ ಮತ್ತೆ ಹೋಗುವುದು ಕಷ್ಟ. ಮೊದಲ ತಿಂಗಳು ಕೆಲಸವಿತ್ತು, ಹೋಗಲಿಲ್ಲ. ಮುಂದಿನ ತಿಂಗಳು ಮೈಗೆ ಸರಿಯಿರಲಿಲ್ಲ. ಆಮೇಲೆ ಹೋಗದಿರಲು ಬೇರೆ ಕಾರಣವೇ ಬೇಕಾಗುವುದಿಲ್ಲ. ಇಷ್ಟು ದಿನ ಹೋಗಲಿಲ್ಲವಲ್ಲ ಎನ್ನುವುದೇ ಕಾರಣವಾಗುತ್ತದೆ. ಕಡೆಗೊಂದು ದಿನ ಅವರೇ ಸಂತೆಯಲ್ಲಿ ಎದುರು ಸಿಕ್ಕರೆ, ದಂಟಿನ ಸೊಪ್ಪನ್ನು ಹುಟ್ಟಿದಾಗಿನಿಂದ ಕಾಣದವರ ಹಾಗೆ ಸೊಪ್ಪಿನ ಗುಡ್ಡೆಯನ್ನೇ ನೋಡುತ್ತಾ ನಿಲ್ಲಬೇಕಾಗುತ್ತದೆ. ನನಗೂ ನನ್ನ ಬ್ಲಾಗಿಗೂ ಇರುವ ನೆಂಟಸ್ತನ ಇದೇ ಥರದ್ದು. ಯಾರಾದರೂ ಅದರ ಸುದ್ದಿ ಎತ್ತಿದರೆ ಸಾಕು, ನನಗೆ ಒಲೆಯ ಮೇಲಿಟ್ಟ ಹಾಲಿನ ನೆನಪಾಗಿ ಒಳಗೆ ಹೋಗುತ್ತೇನೆ. ಎಷ್ಟೋ ಸಲ ಒಲೆಯ ಮೇಲೆ ಹಾಲೇ ಇರುವುದಿಲ್ಲ.

ಬ್ಲಾಗು ಎಂದರೇನು ಎಂದು ನನ್ನ ವಯಸ್ಸಿನವರು ಕೇಳುತ್ತಾರೆ. ಜಗಲಿ ಇದ್ದ ಹಾಗೆ ಎನ್ನುತ್ತೇನೆ. ನಾವು ನಮ್ಮ ಪಾಡಿಗೆ ಕೂತು ಮಾತಾಡುತ್ತಿರುತ್ತೇವೆ, ದಾರಿಯಲ್ಲಿ ಹೋಗುವವರು ಇಷ್ಟವಿದ್ದರೆ ನಿಂತು ಕೇಳಬಹುದು. ಹೀಗೆ ಹೇಳುವಾಗ ನನಗೇ ನಗು ಬರುತ್ತದೆ, ಯಾಕೆಂದರೆ ನಿಜವಾದ ಜಗಲಿಯ ಮೇಲೆ ಕೂತು ನಾನು ಒಂದು ಮಾತೂ ಆಡಿದವಳಲ್ಲ. ಹಳೇಕೋಟೆಯ ಹತ್ತಿರದ ಹಳ್ಳಿ ಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿದೆ. ಮೇಷ್ಟ್ರು 'ಎದ್ದು ಪಾಠ ಓದು' ಎಂದರೆ ಮುಂದೆ ಕೂತವಳ ಜಡೆಯ ಹಿಂದೆ ಮುಖ ಮರೆಸಿಕೊಳ್ಳುತ್ತಿದ್ದೆ. ಮದುವೆಯಾದ ಮೇಲೆ ಬಂದವರೊಡನೆ ಆಡಿದ ಮಾತೆಲ್ಲ ಅಡುಗೆಮನೆಯ ಬಾಗಿಲ ಸಂದಿಯಿಂದಲೇ. ನಮ್ಮ ಯಜಮಾನರು ಸರ್ಕಾರಿ ಬಸ್ಸಿನ ಕಂಡಕ್ಟರು. ದಿನವೆಲ್ಲ ಜನರನ್ನು ಮಾತಾಡಿಸಿ ಬರುತ್ತಿದ್ದ ಅವರಿಗೆ ಮನೆಯಲ್ಲಿ ಮಾತು ಬೇಡ; ನನಗೆ ಮೊದಲಿಂದಲೂ ಬೇಡ. ಹೀಗಾಗಿ ನಮ್ಮ ಸಂಸಾರದಲ್ಲಿ ಜಗಳಕ್ಕೆ ಬೇಕಾದ ಸಾಮಾನೇ ಇರಲಿಲ್ಲ.

ಮೊಮ್ಮಕ್ಕಳ ಹತ್ತಿರ ಮಾತ್ರ ನನ್ನ ಬಾಯಿಗೆ ಬೀಗವಿಲ್ಲ. ನಾವು ಹೊಳೆನರಸೀಪುರದಲ್ಲಿದ್ದಾಗ ಒಂದು ಬೇಸಿಗೆ ರಜೆಗೆ ಬಂದ ಮಗಳ ಮಗಳು ಸ್ಫೂರ್ತಿ, ನಾನು ಹೇಳುತ್ತಿದ್ದ ಕಥೆಗಳನ್ನು ಕೇಳಿ ಕೇಳಿ, "ಅಜ್ಜಿ, ಇದನ್ನೆಲ್ಲ ಬರೆದಿಡು. ನಿನಗೊಂದು ಬ್ಲಾಗ್ ಮಾಡಿಕೊಡ್ತೀನಿ" ಎಂದಳು. "ಬರೆಯೋಕೆ ಕಷ್ಟ ಆದ್ರೆ ಫೋನ್ ಮುಂದೆ ಮಾತಾಡು, ಅದೇ ಬರ್ಕೊಳ್ಳುತ್ತೆ" ಎಂದೂ ಹೇಳಿಕೊಟ್ಟಳು. ಫೋನಿನ ಮುಂದೆ ಮಾತಾಡಲು ನನಗೆ ಸಂಕೋಚವಾಯಿತು. ಬೆರಳಿನಿಂದ ಕುಟ್ಟುವುದನ್ನು ಕಲಿತೆ. ಒಂದೇ ಬೆರಳು. ಉಳಿದವು ಈಗಲೂ ಸುಮ್ಮನೆ ನೋಡುತ್ತಿರುತ್ತವೆ.

ಬರೆಯುವುದಕ್ಕಿಂತ ನಿಲ್ಲಿಸುವುದು ನನಗೆ ಬೇಗ ಅಭ್ಯಾಸವಾಯಿತು. ಮೊದಲು ಕಣ್ಣಿನ ಪೊರೆ ತೆಗೆಸಿದರು; ಸ್ವಲ್ಪ ದಿನ ಫೋನು ನೋಡಬೇಡಿ ಎಂದರು ಡಾಕ್ಟರು. ಅಷ್ಟು ಶ್ರದ್ಧೆಯಿಂದ ನಾನು ಯಾವ ಡಾಕ್ಟರ ಮಾತನ್ನೂ ಪಾಲಿಸಿದ್ದಿಲ್ಲ. ಅವರು ಹೇಳಿದ್ದು ಸ್ವಲ್ಪ ದಿನ, ನಾನು ನೋಡದೆ ಇದ್ದದ್ದು ಮುಂದಿನ ಯುಗಾದಿಯವರೆಗೆ. ಆಮೇಲೆ ಮಂಡಿ ನೋವು. ಮಂಡಿಗೂ ಬೆರಳಿಗೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಪ್ರತಿ ಸಲ ಮತ್ತೆ ಶುರು ಮಾಡುವಾಗ 'ಬಹಳ ದಿನಗಳಿಂದ ಬರೆಯಲಾಗಲಿಲ್ಲ, ಓದುಗರು ಕ್ಷಮಿಸಬೇಕು' ಎಂದು ಬರೆಯುತ್ತಿದ್ದೆ. ಓದುಗರು ಎಂದರೆ ಇಬ್ಬರು ಮೊಮ್ಮಕ್ಕಳು. ಹಾಸನದಲ್ಲಿ ಸ್ಫೂರ್ತಿ, ಚನ್ನರಾಯಪಟ್ಟಣದಲ್ಲಿ ಮಗನ ಮಗ ನಂದನ. ಒಂದು ಸಲ ಅವಳು ಎಲ್ಲವನ್ನೂ ಮೇಲಿನಿಂದ ಕೆಳಗೆ ಓದಿ, "ಅಜ್ಜಿ, ಇದರಲ್ಲಿ ಕಥೆಗಿಂತ ಕ್ಷಮೆಯೇ ಜಾಸ್ತಿ ಇದೆ" ಎಂದಳು.

ಎಲ್ಲಕ್ಕಿಂತ ದೊಡ್ಡ ಬಿಡುವು ನಮ್ಮ ಯಜಮಾನರು ಹೋದಾಗಿನದು. ನಮ್ಮ ಕಡೆ ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬ ಮಾಡುವುದಿಲ್ಲ, ಹೋಳಿಗೆ ತಟ್ಟುವುದಿಲ್ಲ, ಶುಭಕಾರ್ಯಕ್ಕೆ ಕೈ ಹಾಕುವುದಿಲ್ಲ. ಬ್ಲಾಗು ಈ ಲೆಕ್ಕದಲ್ಲಿ ಎಲ್ಲಿ ಬರುತ್ತದೆ ಎಂದು ಯಾರನ್ನು ಕೇಳುವುದು? ಹಿರಿಯರು ಯಾರೂ ಬ್ಲಾಗು ಇಟ್ಟವರಲ್ಲ. ಬರೆಯುವಾಗ ನನಗೆ ಸಂತೋಷವಾಗುತ್ತಿತ್ತು, ಆದ್ದರಿಂದ ಹಬ್ಬದ ಕಡೆಗೇ ಸೇರಿಸಿ ಮುಚ್ಚಿಟ್ಟೆ. ಆದರೆ ಅದು ಮುಚ್ಚುವುದಿಲ್ಲ ಎನ್ನುವುದು ನನಗೆ ಗೊತ್ತಿರಲಿಲ್ಲ. ಅವರು ಹೋಗುವ ಹಿಂದಿನ ವಾರ ಬರೆದದ್ದು 'ಈ ಸಲ ಅವರೆಕಾಯಿಗೆ ಒಳ್ಳೆ ಸೊಗಡಿದೆ' ಎಂದು. ಆ ವರ್ಷವೆಲ್ಲ ನನ್ನ ಬಾಗಿಲಲ್ಲಿ ಆ ಅವರೆಕಾಯಿಯೇ ನಗುತ್ತಾ ನಿಂತಿತ್ತು. ಆ ನಡುವೆ ಹೊಳೆನರಸೀಪುರದ ಬಾಡಿಗೆ ಮನೆ ಬಿಟ್ಟು ಹಾಸನದ ಮಗಳ ಮನೆಗೆ ಬಂದೆ. ಮಗಳು ಸುಧಾ ಹೈಸ್ಕೂಲಿನಲ್ಲಿ ಟೀಚರು. ಮನೆಯಲ್ಲೂ ಟೀಚರೇ.

ವರ್ಷದ ಕಾರ್ಯ ಮುಗಿದ ಮೇಲೆ ಸ್ಫೂರ್ತಿ ಪಾಸ್‌ವರ್ಡನ್ನು ಹೇಗೋ ಹುಡುಕಿ ತೆಗೆದು ಫೋನು ನನ್ನ ಕೈಗಿಟ್ಟಳು. ಈ ಸಲ ಕ್ಷಮೆ ಕೇಳದೆ ನೇರವಾಗಿ ತಾತನ ವಿಷಯ ಬರೆ ಎಂದಳು. ಬರೆದೆ. ಅವರ ಶಾಂತ ಸ್ವಭಾವ, ಊಟದ ಶಿಸ್ತು, ಒಂದು ದಿನವೂ ಡ್ಯೂಟಿಗೆ ತಡವಾಗಿ ಹೋಗದಿದ್ದದ್ದು. ನನಗೆ ಬಹಳ ಮೆಚ್ಚಿಗೆಯಾದದ್ದು 'ಸೀಟಿದ್ದರೂ ಕೂರದವರು' ಎಂಬ ಬರಹ. ಸಂಸಾರ ಸಮೇತ ನೆಂಟರ ಊರಿಗೆ ಹೋಗುವಾಗಲೂ ಅವರು ಬಸ್ಸಿನಲ್ಲಿ ಕೂರುತ್ತಿರಲಿಲ್ಲ. ಅರ್ಧ ಬಸ್ಸು ಖಾಲಿಯಿದ್ದರೂ ಬಾಗಿಲ ಕಂಬಿ ಹಿಡಿದು ನಿಂತೇ ಇರುತ್ತಿದ್ದರು. ಯಾರಾದರೂ ವಯಸ್ಸಾದವರು ಹತ್ತಿದರೆ ಅವರಿಗಿರಲಿ ಎನ್ನುವ ದೊಡ್ಡ ಮನಸ್ಸು ಎಂದು ಬರೆದೆ. ಹಾಗೆಂದು ಅವರೇನೂ ಹೇಳಿರಲಿಲ್ಲ. ಅವರು ಬದುಕಿದ್ದಷ್ಟು ದಿನವೂ ನಾನೇ ಹಾಗೆ ಅರ್ಥ ಮಾಡಿಕೊಂಡಿದ್ದೆ. ಅದನ್ನು ಓದಿ ನಂದನ ಫೋನು ಮಾಡಿದ. ಅವನು ಚನ್ನರಾಯಪಟ್ಟಣದಿಂದ ಹಾಸನದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಓಡಾಡುವವನು. "ಅಜ್ಜಿ, ಇನ್ಮೇಲೆ ನಾನೂ ಬಸ್ಸಲ್ಲಿ ಕೂರಲ್ಲ" ಎಂದ. ಆಮೇಲೆ ಅವನು, "ತಾತ ಚಿಕ್ಕ ಹುಡುಗ ಆಗಿದ್ದಾಗ ಹೇಗಿದ್ರು? ಅದನ್ನ ಬರಿ" ಎಂದ.

ಅಲ್ಲಿ ಸಿಕ್ಕಿಬಿದ್ದೆ. ನನಗೆ ಅವರು ಗೊತ್ತಿರುವುದು ಧಾರೆಯ ಮಂಟಪದಿಂದ ಈಚೆಗೆ. ಅದಕ್ಕೂ ಮೊದಲು ಅವರಿಗೊಂದು ಚಡ್ಡಿಯ ಕಾಲ ಇತ್ತು ಎನ್ನುವುದೇ ನನ್ನ ಮನಸ್ಸಿಗೆ ಬಂದಿರಲಿಲ್ಲ. ಅದನ್ನು ಕಂಡವರಲ್ಲಿ ಈಗ ಉಳಿದಿರುವುದು ಒಬ್ಬರೇ, ಅವರನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕ. ಇರುವುದು ಅರಕಲಗೂಡಿನಲ್ಲಿ. ವಯಸ್ಸು ಎಂಬತ್ತು ದಾಟಿದೆ. ಅವರು ಹೇಳದಿದ್ದರೆ ಮೊಮ್ಮಕ್ಕಳಿಗೆ ತಾತನ ಬಾಲ್ಯ ಯಾವ ಕಡೆಯಿಂದಲೂ ಸಿಗುವುದಿಲ್ಲ. ಆ ಅಕ್ಕನೇ ಈಗ ನನ್ನ ಜೊತೆ ಮಾತು ಬಿಟ್ಟಿದ್ದರು. ಫೋನು ಮಾಡಿದರೆ ಸೊಸೆ ಮಂಜುಳ ಎತ್ತಿ, "ಅತ್ತೆ ಮಲಗವ್ರೆ" ಎನ್ನುತ್ತಿದ್ದಳು. ಹಿಂದಿನಿಂದ ಅಕ್ಕನ ಗಂಟಲು ಚೆನ್ನಾಗಿ ಕೇಳಿಸುತ್ತಿತ್ತು. "ಮಲಗವ್ಳೆ ಅಂತ ಏಳು!"

ಕಾರಣ ಮಂಜುಳಳೇ ಮೆಲ್ಲಗೆ ಹೇಳಿದಳು. ಬ್ಲಾಗು ಮತ್ತೆ ಶುರುವಾದ ದಿನ ಸ್ಫೂರ್ತಿ ಅದರ ಲಿಂಕನ್ನು ನೆಂಟರ ವಾಟ್ಸಾಪ್ ಗ್ರೂಪಿಗೆ ಹಾಕಿದ್ದಳು. ಎಲ್ಲರೂ ಕೈಮುಗಿಯುವ ಚಿತ್ರ ಕಳಿಸಿದ್ದರು. ಅಕ್ಕನಿಗೆ ಮಾತ್ರ ಯಾರೂ ಹೇಳಿರಲಿಲ್ಲ. ವರ್ಷ ಕಳೆದ ಮೇಲೆ ಮನೆಯಲ್ಲಿ ನಡೆಯುವ ಮೊದಲ ಒಳ್ಳೆಯ ಕೆಲಸಕ್ಕೆ, ಹೋದವರ ಒಡಹುಟ್ಟಿದವರನ್ನು ಅವರ ಮನೆಗೇ ಹೋಗಿ ಎಲೆ ಅಡಿಕೆ ಇಟ್ಟು ಕರೆಯಬೇಕು. ಇದು ನನಗೆ ಗೊತ್ತಿಲ್ಲದ್ದೇನೂ ಅಲ್ಲ. ಆದರೆ ಬ್ಲಾಗಿಗೂ ಅದು ಅನ್ವಯಿಸುತ್ತದೆಂದು ಹೊಳೆದಿರಲಿಲ್ಲ. ಸೂತಕದ ಶಾಸ್ತ್ರವನ್ನು ಬ್ಲಾಗಿಗೆ ಅನ್ವಯಿಸಿದವಳು ನಾನೇ ತಾನೆ? ಮುಚ್ಚುವುದಕ್ಕೆ ಶಾಸ್ತ್ರ ಬೇಕು, ತೆಗೆಯುವುದಕ್ಕೆ ಬೇಡ ಎಂದರೆ ಅಕ್ಕ ಯಾಕೆ ಒಪ್ಪುತ್ತಾರೆ?

ಎಲೆ, ಅಡಿಕೆ, ತೆಂಗಿನಕಾಯಿ, ಒಂದು ಚಿಪ್ಪು ಬಾಳೆಹಣ್ಣು ಕಟ್ಟಿಕೊಂಡು ಹೊರಟೆ. ಸುಧಾ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಮ್ಮ, ಲಿಂಕ್ ಓದಿ ಅಂತ ಹೇಳೋಕೆ ತೆಂಗಿನಕಾಯಿ ತಗೊಂಡು ಹೋಗೋರು ಪ್ರಪಂಚದಲ್ಲಿ ನೀನೊಬ್ಬಳೇ" ಎಂದಳು. ಮಂಜುಳಳಿಗೆ ಕುಂಕುಮ ಕೊಡಬೇಕಲ್ಲ, ಆ ಬಟ್ಟಲು ನಾನು ಹಿಡಿದರೆ ನೋಡಿದವರು ಏನೆನ್ನುತ್ತಾರೋ ಎಂದು ಸ್ಫೂರ್ತಿಯನ್ನೂ ಕರೆದುಕೊಂಡೆ. ಅವಳಿಗೆ ಇದು ಬಹಳ ತಮಾಷೆಯಾಗಿ ಕಂಡಿತು. ದಾರಿಯುದ್ದಕ್ಕೂ, "ಅಜ್ಜಿ, ವಾಲಗದೋರು ಹಿಂದಿನ ಬಸ್ಸಲ್ಲಿ ಬರ್ತಿದಾರಾ?" ಎಂದು ಕೇಳುತ್ತಿದ್ದಳು.

ಅಕ್ಕ ನಡುಮನೆಯಲ್ಲಿ ಕೂತು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದರು. ನಾವು ಒಳಗೆ ಕಾಲಿಟ್ಟೆವು, ಅವರು ತಲೆಯೆತ್ತಲಿಲ್ಲ. ಕುಟ್ಟುವ ಸದ್ದು ಮಾತ್ರ ಜೋರಾಯಿತು.

"ಮಂಜುಳಾ, ಯಾರೋ ಬಂದವ್ರೆ ನೋಡು. ಚಾಪೆ ಆಕು. ಕುರ್ಚಿ ಬೇಕು ಅಂದ್ರೆ ಕುರ್ಚಿ ಕೊಡು. ದೊಡ್ಡೋರು."

"ಅಕ್ಕ, ನಾನು ಜಯಮ್ಮ" ಎಂದೆ.

"ಕಾಣ್ತದೆ ಅಂತ ಏಳು ಅವ್ರಿಗೆ. ಕಣ್ಣು ಚೆನ್ನಾಗೈತೆ. ಕಿವಿನೂ ಚೆನ್ನಾಗೈತೆ. ಯಾರಾದ್ರೂ ಏಳಿದ್ರೆ ಕೇಳ್ತದೆ." ಒಂದು ಬೀಜ ಹಾರಿ ಗೋಡೆಗೆ ಬಡಿಯಿತು. "ಬೀಗರೂಟಕ್ಕೋಗಿ ಪಂಕ್ತೀಲಿ ಕುಂತಿದ್ದೆ. ಎದುರುಗಡೆ ಕುಂತೋಳು ಕೇಳ್ತಾಳೆ, 'ನಿಮ್ಮ ತಮ್ಮನ ಇಚಾರ ಎಷ್ಟು ಚೆಂದಾಗಿ ಬರ್ದವ್ರೆ, ಓದಿದ್ರಾ' ಅಂತ. ನನ್ನ ಬಾಯಾಗೆ ಮುದ್ದೆ. ನುಂಗ್ಲಾ, ಉಗುಳ್ಲಾ?"

ಸ್ಫೂರ್ತಿ ನನ್ನ ಪರ ವಹಿಸಿ, "ಅಜ್ಜಿ, ಗ್ರೂಪಿಗೆ ಹಾಕಿದ್ವಲ್ಲ, ಮಂಜುಳತ್ತೆ ಫೋನಿಗೂ ಬಂದಿತ್ತು" ಎಂದಳು.

"ಏನವ್ವ ಗ್ರೂಪು? ಕರೆಂಟು ಕಂಬಕ್ಕೆ ಚೀಟಿ ಅಂಟ್ಸಿದ್ರೆ ಕರ್ದಂಗಾಯ್ತದಾ? ಬೆಳಗೆದ್ದು ಹೂವಿನ ಚಿತ್ರ ಕಳಿಸ್ತಾರಲ್ಲ, ಅವ್ರನ್ನೆಲ್ಲ ಕೂರ್ಸಿ ಊಟಕ್ಕಿಕ್ಕು ಅಂತ ನಿಮ್ಮಜ್ಜಿಗೆ ಏಳು ಓಗು."

ನಾನು ತಟ್ಟೆಯಲ್ಲಿ ಎಲೆ ಅಡಿಕೆ ಜೋಡಿಸಿ ಅಕ್ಕನ ಮುಂದಿಟ್ಟೆ. ಅಕ್ಕ ಕುಟ್ಟುವುದನ್ನು ನಿಲ್ಲಿಸಿದರು. ತಟ್ಟೆ ನೋಡಿದ ಮೇಲೆ ಅವರೂ ಶಾಸ್ತ್ರಕ್ಕೆ ಕಟ್ಟುಬಿದ್ದವರೇ.

"ಏನು ಕಾರ್ಯ?"

"ಬರೆಯೋದು ಮತ್ತೆ ಶುರು ಮಾಡಿದೀನಿ ಅಕ್ಕ. ನೀವು ನೋಡಬೇಕು."

"ಮೂರ್ತ ಯಾವಾಗ?"

"ಮುಹೂರ್ತ ಏನಿಲ್ಲ ಅಕ್ಕ. ಯಾವಾಗ ಬೇಕಾದ್ರೂ ನೋಡಬಹುದು."

ಅಕ್ಕ ಮೊದಲ ಸಲ ನನ್ನ ಮುಖ ನೋಡಿದರು. "ಯಾವಾಗ ಬೇಕಾದ್ರೂ ಬನ್ನಿ ಅಂದ್ರೆ ಬರಬ್ಯಾಡಿ ಅಂತ ಅರ್ಥ ಕಣಮ್ಮಿ."

ಅದು ನಿಜ. ನಾನೇ ಎಷ್ಟೋ ಜನರನ್ನು ಹಾಗೆ ಕರೆದು ಪಾರಾಗಿದ್ದೇನೆ. "ಹಂಗಾದ್ರೆ ಈಗಲೇ ಅಕ್ಕ. ಇಲ್ಲೇ. ಮಂಜುಳ ಓದಲಿ" ಎಂದುಬಿಟ್ಟೆ. ಅಷ್ಟು ಗಟ್ಟಿಯಾಗಿ ನಾನು ಆ ಮನೆಯಲ್ಲಿ ಮಾತಾಡಿದ್ದು ಅದೇ ಮೊದಲು. ಅಕ್ಕ ಕೈ ತೊಳೆದು, ಸೆರಗು ಸರಿ ಮಾಡಿಕೊಂಡು, ಗೋಡೆಗೆ ಒರಗಿ ಕೂತರು. ಪುರಾಣ ಕೇಳಲು ಕೂತ ಹಾಗೆ.

ಮಂಜುಳ ಫೋನು ಹಿಡಿದು ಓದಿದಳು. ನಾನು ಬರೆದದ್ದನ್ನು ಇನ್ನೊಬ್ಬರ ಬಾಯಲ್ಲಿ ಕೇಳುವುದು, ನಮ್ಮ ಸೀರೆಯನ್ನು ಬೇರೆಯವರು ಉಟ್ಟು ಎದುರಿಗೆ ಓಡಾಡಿದ ಹಾಗೆ. ಎಲ್ಲಿ ಹರಿದಿದೆ ಎನ್ನುವುದೇ ಕಾಣುತ್ತದೆ. ಶಾಂತ ಸ್ವಭಾವ ಎನ್ನುವಲ್ಲಿ ಅಕ್ಕ ಹ್ಞೂಂ ಎಂದರು. ಊಟದ ಶಿಸ್ತು ಎನ್ನುವಲ್ಲಿ ಸೂರು ನೋಡಿದರು. 'ಸೀಟಿದ್ದರೂ ಕೂರದವರು' ಬಂತು. ದೊಡ್ಡ ಮನಸ್ಸು ಎನ್ನುವ ಜಾಗಕ್ಕೆ ಬರುವಷ್ಟರಲ್ಲಿ ಅಕ್ಕನ ಹೊಟ್ಟೆ ಕುಲುಕತೊಡಗಿತು. ಅಳುತ್ತಿದ್ದಾರೆ ಎಂದು ನಾನು ನೀರು ತರಲು ಎದ್ದೆ.

"ದೊಡ್ಡ ಮನಸ್ಸಂತೆ!" ಅಕ್ಕ ಕಣ್ಣೊರೆಸಿಕೊಂಡು ನಕ್ಕರು. "ಕುಂತ್ರೆ ವಾಂತಿ ಆಯ್ತಿತ್ತು ಕಣೇ ಅವ್ನಿಗೆ!"

"ಯಾರಿಗೆ ಅಕ್ಕ?"

"ಇನ್ಯಾರ್ಗೆ? ನಿನ್ನ ಗಂಡಂಗೆ. ಚಿಕ್ಕೋನಿದ್ದಾಗ ಬಸ್ಸು ಕಂಡ್ರೆ ಸಾಕು, ಮೊಖ ಬೆಳ್ಳಗಾಗೋದು. ಹತ್ತಿ ಕುಂತ ಅಂದ್ರೆ ಊರು ದಾಟೋದ್ರೊಳಗೆ ನನ್ನ ಮಡಲಿಗೇ. ನನ್ನ ಒಂದು ಒಳ್ಳೆ ಲಂಗ ಉಳೀಲಿಲ್ಲ. ಒಂದಿನ ಕಂಡಕ್ಟ್ರು ಬೈದು, 'ಬಾ ಇಲ್ಲಿ, ಗಾಳೀಗೆ ನಿಂತ್ಕೊ' ಅಂತ ಬಾಗ್ಲತ್ರ ನಿಲ್ಲಿಸ್ಕೊಂಡ. ಅವತ್ತು ವಾಂತಿ ಆಗ್ಲೇ ಇಲ್ಲ. ಮನೇಗ್ಬಂದು ಅಪ್ಪನ್ನ ಕೂಗಿ ಏಳ್ದ, 'ನಾನು ಕಂಡಕ್ಟ್ರಾಯ್ತೀನಿ' ಅಂತ. ನಿಂತ್ಕೊಂಡೇ ಜೀವನ ಕಳೀಬೌದಲ್ಲ!"

ಮಂಜುಳ ಫೋನು ಕೆಳಗಿಟ್ಟು ನಕ್ಕಳು. ಸ್ಫೂರ್ತಿ ಚಾಪೆಯ ಮೇಲೆ ಹೊರಳಿದಳು. ನನಗೆ ನಮ್ಮ ಯಜಮಾನರ ಡ್ಯೂಟಿಯ ಅಂಗಿ ನೆನಪಾಯಿತು. ಅವರ ಖಾಕಿ ಜೇಬಿನಲ್ಲಿ ಯಾವಾಗಲೂ ಒಂದು ನಿಂಬೆಹಣ್ಣು ಇರುತ್ತಿತ್ತು. ದೃಷ್ಟಿಗೆಂದು ಇಟ್ಟುಕೊಂಡಿದ್ದಾರೆ ಎಂದುಕೊಂಡು, ಒಂದು ಅಮಾವಾಸ್ಯೆಯ ದಿನ ಅದಕ್ಕೆ ಕುಂಕುಮ ಹಚ್ಚಿ ಜೇಬಿಗಿಟ್ಟಿದ್ದೆ. ಸಂಜೆ ಬಂದಾಗ ಜೇಬೂ ಮೂಗೂ ಎರಡೂ ಕೆಂಪು. ಅವರೇನೂ ಅನ್ನಲಿಲ್ಲ, ಅಂಗಿ ಬಿಚ್ಚಿ ಒಗೆಯಲು ಹಾಕಿದರು. ಮೂಗು ಯಾಕೆ ಕೆಂಪಾಗಿದೆ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದರೋ ಏನೋ. ಮಾತು ಬೇಡದ ಇಬ್ಬರು ಕೂಡಿ ಬಾಳಿದರೆ ಜಗಳವಿರುವುದಿಲ್ಲ ಎಂದೆನಲ್ಲ; ಇಂಥ ಕೆಲವು ಸಂಗತಿಗಳೂ ಇರುವುದಿಲ್ಲ.

ಅಂದು ಸಂಜೆಯ ಕಡೆಯ ಬಸ್ಸಿನವರೆಗೂ ಅಕ್ಕ ಹೇಳುತ್ತಲೇ ಹೋದರು. ಸ್ಫೂರ್ತಿ ಬರೆದುಕೊಂಡಳು. ಹುಣಸೆಹಣ್ಣು ಅಲ್ಲೇ ಉಳಿಯಿತು. ಹೊರಡುವಾಗ ಅಕ್ಕ ನನ್ನ ಮಡಿಲಿಗೆ ಅದನ್ನೇ ಒಂದಿಷ್ಟು ಕಟ್ಟಿಕೊಟ್ಟು, "ಇನ್ಮ್ಯಾಲೆ ಬರೆಯೋ ಮುಂಚೆ ನನ್ನೊಂದು ಮಾತು ಕೇಳು. ಇಲ್ದಿದ್ರೆ ಅವ್ನನ್ನ ದೇವ್ರು ಮಾಡಿ ಕೂರಿಸಿಬುಡ್ತೀಯ" ಎಂದರು. ಕೂರಿಸಿದರೆ ಏನಾಗುತ್ತದೆ ಎನ್ನುವುದು ಈಗ ನನಗೂ ಗೊತ್ತಿತ್ತು.

ಇಷ್ಟಕ್ಕೇ ಮುಗಿಯಿತು ಎಂದುಕೊಂಡಿದ್ದೆ. ಅರಕಲಗೂಡಿಗೆ ಎಲೆ ಅಡಿಕೆ ಹೋಯಿತು ಎನ್ನುವ ಸುದ್ದಿ ವಾರದೊಳಗೆ ಹಳೇಕೋಟೆಯ ನನ್ನ ಅಣ್ಣನಿಗೆ ಮುಟ್ಟಿತು. "ನಾವೇನು ತವರಿನೋರಲ್ವಾ? ನಮಗೆ ಬರೀ ಗ್ರೂಪಾ?" ಎಂದು ಅವನ ಫೋನು. ಹಳೇಕೋಟೆಗೆ ಹೋಗಿ ಬಂದ ಮೇಲೆ ಹಿರೀಸಾವೆಯ ಬೀಗರು ಬಾಯಲ್ಲಿ ಏನೂ ಅನ್ನಲಿಲ್ಲ, ಗ್ರೂಪಿನಲ್ಲಿ ಹೂವಿನ ಚಿತ್ರ ಕಳಿಸುವುದನ್ನು ನಿಲ್ಲಿಸಿದರು. ಅಲ್ಲಿಗೂ ಹೋದೆ. ಒಂದು ಬ್ಲಾಗಿಗಾಗಿ ನಾಲ್ಕು ತಾಲೂಕಿನ ಬಸ್‌ಸ್ಟ್ಯಾಂಡು ಸುತ್ತಿದ್ದಾಯಿತು. ಹೋದಲ್ಲೆಲ್ಲ ಕಾಫಿ ಕೊಟ್ಟರು, ಊಟ ಹಾಕಿದರು, ಕುಪ್ಪಸದ ಬಟ್ಟೆ ಕೊಟ್ಟರು. ಬ್ಲಾಗನ್ನು ಓದಿದವರು ಯಾರೂ ಕಾಣಲಿಲ್ಲ. ಕರೆದದ್ದೇ ಅವರಿಗೆ ಸಾಕಾಗಿತ್ತು.

ಬಸ್ಸಿನ ವಾಂತಿಯ ಕಥೆ ಬರೆಯಲೋ ಬೇಡವೋ ಎಂದು ಬಹಳ ಯೋಚಿಸಿದೆ. ಮೊಮ್ಮಕ್ಕಳ ಕಣ್ಣಲ್ಲಿ ತಾತನ ಮಾನ ಇಳಿಯುತ್ತದಲ್ಲ ಎನ್ನುವ ಸಂಕಟ. ಕಡೆಗೆ ಅಕ್ಕ ಹೇಳಿದ ಹಾಗೆಯೇ ಬರೆದು ಹಾಕಿದೆ. ಅವತ್ತೇ ನಂದನನ ಫೋನು ಬಂತು. ನಗು ತಡೆಯಲಾಗದೆ ಏದುಸಿರು ಬಿಡುತ್ತಿದ್ದ. "ಅಜ್ಜಿ, ಸದ್ಯ! ಇಷ್ಟು ದಿನ ನಿಂತು ನಿಂತು ಕಾಲು ಬಿದ್ದೋಗಿತ್ತು. ನಾಳೆಯಿಂದ ಕೂತ್ಕೋತೀನಿ" ಎಂದ. ಆಮೇಲೆ, "ತಾತ ಈಗ ನನ್ನ ತಾತನ ಥರ ಇದಾರೆ. ಮೊದಲು ಗೋಡೆ ಮೇಲಿನ ಫೋಟೋ ಥರ ಇದ್ರು" ಎಂದ. ಅವರ ಶಾಂತ ಸ್ವಭಾವ, ಊಟದ ಶಿಸ್ತು ಎಂದು ನಾನು ಒಂದೇ ಬೆರಳಿನಲ್ಲಿ ಕುಟ್ಟಿದ್ದೆಲ್ಲ ಯಾವ ಕೆಲಸಕ್ಕೂ ಬಂದಿರಲಿಲ್ಲ. ಇರಲಿ, ಮಕ್ಕಳಿಗೆ ತಾತ ಸಿಕ್ಕಿದರು, ನನ್ನ ಕೆಲಸ ಮುಗಿಯಿತು, ಇನ್ನು ಒಂದಷ್ಟು ದಿನ ನಿಶ್ಚಿಂತೆಯಿಂದ ಬಿಡುವು ತೆಗೆದುಕೊಳ್ಳಬಹುದು ಎಂದು ಫೋನನ್ನು ಕಪಾಟಿನಲ್ಲಿಟ್ಟೆ.

ಮೊನ್ನೆ ಸ್ಫೂರ್ತಿ ಬಂದು ಹೇಳಿದಳು. "ಅಜ್ಜಿ, ತಾತಂದು ಆಯ್ತು. ಇನ್ನು ನಿಂದು. ನೀನು ಹೊಸದಾಗಿ ಮದುವೆಯಾಗಿ ಬಂದಾಗ ಹೇಗಿದ್ದೆ ಅಂತ ಅರಕಲಗೂಡು ಅಜ್ಜಿ ಹೇಳ್ತಾರಂತೆ. ಭಾನುವಾರ ನಾನೂ ನಂದನನೂ ಹೋಗ್ತಿದೀವಿ. ಬರ್ಕೊಂಡು ಬಂದು ನಿನ್ನ ಬ್ಲಾಗಿಗೇ ಹಾಕ್ತೀವಿ. ಪಾಸ್‌ವರ್ಡ್ ನನ್ನ ಹತ್ರಾನೇ ಇದೆಯಲ್ಲ."

ಅವಳು ಆಚೆ ಹೋಗುವುದನ್ನೇ ಕಾದು ಅಕ್ಕನಿಗೆ ಫೋನು ಮಾಡಿದೆ. ಈ ಸಲ ಅವರು ಮಲಗಿರಲಿಲ್ಲ.

"ಅಕ್ಕ, ಮಕ್ಕಳು ಬರ್ತಾರಂತೆ. ನನ್ನ ವಿಷಯ ಏನು ಹೇಳ್ತೀರಿ?"

"ನೀನೇನೂ ಗಾಬ್ರಿ ಮಾಡ್ಕೋಬ್ಯಾಡ ಕಣಮ್ಮಿ" ಎಂದರು ಅಕ್ಕ ಬಹಳ ಪ್ರೀತಿಯಿಂದ. "ಒಂದೂ ಬಿಡ್ದಂಗೆ ಎಲ್ಲಾನೂ ಏಳ್ತೀನಿ."

ಆದ್ದರಿಂದ ಈಗ ಕಣ್ಣು, ಮಂಡಿ ಎಂದು ಯಾವ ನೆಪವನ್ನೂ ಹೇಳದೆ ಬೆಳಗಿನಿಂದ ಬರೆಯುತ್ತಾ ಕೂತಿದ್ದೇನೆ. ನಾನು ಎಷ್ಟು ಒಳ್ಳೆಯ ಸೊಸೆಯಾಗಿದ್ದೆ ಎನ್ನುವುದನ್ನು ಭಾನುವಾರದೊಳಗೆ ಬರೆದು ಮುಗಿಸಬೇಕು.